ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ಹತ್ತರ ಘಾತಗಳ ಗುಣಾಕಾರಕ್ಕೆ ನಂಬಬಹುದಾದ ಕ್ಯಾಲ್ಕ್ಯುಲೇಟರ್

ರಾಯಚೂರಿನಲ್ಲಿ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಹೇಳಿಕೊಡುವ ನನ್ನನ್ನು, ಯಾವ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಕೊಡಿಸಬೇಕೆಂದು ಪಾಲಕರು ಕೇಳುತ್ತಲೇ ಇರುತ್ತಾರೆ. ನಾನು ಈ ಮಾದರಿಯನ್ನು ಹೇಳುವುದು ಅದರ ಕೊನೆಯ ಸಾಲಿನಲ್ಲಿ ಚುಕ್ಕೆಯ ಪಕ್ಕಕ್ಕಿರುವ ‘ಹತ್ತರ ಘಾತ’ದ ಗುಂಡಿಗಾಗಿ.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್, ಅಂದರೆ 1.72 × 10⁹ ವಾಟ್. ಒಂದು ದಿನಕ್ಕೆ 8.64 × 10⁴ ಸೆಕೆಂಡ್. ಕೇಂದ್ರವು ದಿನವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಎಷ್ಟು ಶಕ್ತಿ ದೊರೆಯುತ್ತದೆಂದು ಕೈಯಲ್ಲಿ ಲೆಕ್ಕ ಹಾಕುವಾಗ, ದಶಮಾಂಶಗಳನ್ನು ಗುಣಿಸಿ ಘಾತಾಂಕಗಳನ್ನು ಕೂಡಿಸಿ 14.86 × 10¹³ ಜೂಲ್ ಎಂದು ಬರೆದ ವಿದ್ಯಾರ್ಥಿ, ಅದನ್ನು ಚುಕ್ಕೆಯ ಎಡಕ್ಕೆ ಒಂದೇ ಅಂಕಿ ಇರುವ 1.486 × 10¹⁴ ಎಂಬ ಆದರ್ಶ ರೂಪಕ್ಕೆ ತರುವಾಗ ಘಾತಾಂಕವನ್ನು ಒಂದು ಏರಿಸಲು ಮರೆಯುತ್ತಾನೆ. ಈ ಯಂತ್ರ ಆ ಹೆಜ್ಜೆಯನ್ನು ತಾನೇ ಇಡುತ್ತದೆ.

ಆದರೆ ಎಲ್ಲ ಉತ್ತರಗಳನ್ನೂ ಅದು ಹಾಗೆ ತೋರಿಸುವುದಿಲ್ಲ. ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯವಾದ 105.788 ಟಿಎಂಸಿಯನ್ನು, ಅಂದರೆ 1.05788 × 10¹¹ ಘನ ಅಡಿಯನ್ನು, 2.83 × 10⁻² ರಿಂದ ಗುಣಿಸಿ ಘನ ಮೀಟರಿಗೆ ತಂದರೆ ಪರದೆಯ ಮೇಲೆ 2993800400 ಎಂಬ ಉದ್ದನೆಯ ಸಂಖ್ಯೆ ಕಾಣುತ್ತದೆ, ಏಕೆಂದರೆ ಹತ್ತು ಅಂಕಿಯೊಳಗಿನ ಪೂರ್ಣಾಂಕವನ್ನು ಯಂತ್ರ ಇದ್ದಂತೆಯೇ ಬರೆಯುತ್ತದೆ. 2.83 ರಲ್ಲಿ ಸಾರ್ಥಕ ಅಂಕಿಗಳು ಮೂರೇ ಇರುವುದರಿಂದ ಉತ್ತರದಲ್ಲೂ ಮೂರಕ್ಕಿಂತ ಹೆಚ್ಚು ನಂಬಲರ್ಹವಲ್ಲ. ಉತ್ತರವನ್ನು ಮೂರು ಅಂಕಿಗಳ ಆದರ್ಶ ರೂಪದಲ್ಲಿ ತೋರಿಸುವಂತೆ ಶಿಫ್ಟ್, ಮೋಡ್, 7, 3 ಎಂದು ಒತ್ತಿದರೆ 2.99 × 10⁹ ಸಿಗುತ್ತದೆ. ಕೊಂಡ ದಿನವೇ ಈ ವ್ಯವಸ್ಥೆಯನ್ನು ಕಲಿತುಕೊಳ್ಳಬೇಕೆಂಬುದು ನನ್ನ ಒತ್ತಾಯ.

ಹತ್ತರ ಘಾತದ ಗುಂಡಿಯ ನಿಜವಾದ ಬೆಲೆ ತಿಳಿಯುವುದು ಗುಣಾಕಾರದ ಜೊತೆ ಭಾಗಾಕಾರ ಬೆರೆತಾಗ. 6 × 10⁸ ಅನ್ನು 2 × 10³ ರಿಂದ ಭಾಗಿಸುವಾಗ ಆ ಗುಂಡಿಯನ್ನೇ ಬಳಸಿದರೆ ಪ್ರತಿ ಸಂಖ್ಯೆಯೂ ಒಂದೇ ಘಟಕವಾಗಿ ನಿಂತು 3 × 10⁵ ಬರುತ್ತದೆ. ಗುಣಾಕಾರ ಚಿಹ್ನೆ, ಹತ್ತು, ಘಾತ ಎಂದು ಬಿಡಿಬಿಡಿಯಾಗಿ ಒತ್ತಿ ಆವರಣ ಹಾಕದಿದ್ದರೆ 3 × 10¹¹ ಆಗಿಬಿಡುತ್ತದೆ. ಬೆಳಕಿನ ವೇಗ, ಅವೊಗಾಡ್ರೊ ಸಂಖ್ಯೆ ಸೇರಿದಂತೆ 40 ಸ್ಥಿರಾಂಕಗಳು ಒಳಗೇ ಇರುವುದು ಹೆಚ್ಚಿನ ಅನುಕೂಲ.

ಪಿಯುಸಿ ಮಕ್ಕಳಿಗೆ ಇದನ್ನು ಕೊಡಿಸುವ ಅಗತ್ಯವಿಲ್ಲ. ಸಿಇಟಿ ಮತ್ತು ನೀಟ್ ಪರೀಕ್ಷೆಗಳಲ್ಲಿ ಕ್ಯಾಲ್ಕ್ಯುಲೇಟರಿಗೆ ಅವಕಾಶವಿಲ್ಲದ ಕಾರಣ, ಘಾತಾಂಕಗಳನ್ನು ಕೂಡಿಸುವ ಅಭ್ಯಾಸ ಅವರಿಗೆ ಕಾಗದದ ಮೇಲೆಯೇ ಆಗಬೇಕು. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದವರು ನಿಶ್ಚಿಂತೆಯಿಂದ ಕೊಳ್ಳಬಹುದು.