ಫಾಗ್: ಲ್ಯಾಬ್ ನೋಡಿಕೊಳ್ಳುವವರಿಗೆ ದೊಡ್ಡ ನೆರವು

ನಮ್ಮ ಕಾಲೇಜಿನ ಲ್ಯಾಬಿನಲ್ಲಿ 60 ಕಂಪ್ಯೂಟರ್‌ಗಳಿವೆ. ಮೊದಲೆಲ್ಲ ಸೆಮಿಸ್ಟರ್ ಶುರುವಾಗುವ ಮುಂಚೆ ಪೆನ್‌ಡ್ರೈವ್ ಹಿಡಿದು ಒಂದೊಂದಕ್ಕೂ ಸಾಫ್ಟ್‌ವೇರ್ ಹಾಕುತ್ತಿದ್ದೆ. ವಾರ ಹಿಡಿಯುತ್ತಿತ್ತು. ಈಗ ಫಾಗ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಉಚಿತ, ಓಪನ್ ಸೋರ್ಸ್. ಒಂದು ಕಂಪ್ಯೂಟರನ್ನು ಪೂರ್ತಿ ಸಿದ್ಧ ಮಾಡಿ ಅದರ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ತೆಗೆದರೆ ಸಾಕು. ಉಳಿದವು ನೆಟ್‌ವರ್ಕ್‌ನಿಂದ ಬೂಟ್ ಆಗಿ ಅದನ್ನೇ ಇಳಿಸಿಕೊಳ್ಳುತ್ತವೆ. ಮಲ್ಟಿಕಾಸ್ಟ್ ಕೊಟ್ಟರೆ ಎಲ್ಲಕ್ಕೂ ಒಟ್ಟಿಗೇ ಹೋಗುತ್ತದೆ.

ಮೊದಲ ಸಲ, ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ಗಳಿಗೆ ವಿಳಾಸ ಕೊಡುವ ಡಿಎಚ್‌ಸಿಪಿ ಸರಿ ಹೊಂದಿಸಲು ನನಗೆ ಎರಡು ದಿನ ಬೇಕಾಯಿತು. ಸ್ವಲ್ಪ ತಾಳ್ಮೆ ಇರಲಿ.

ಆದರೆ ವಿದ್ಯಾರ್ಥಿಗಳ ಲಾಗಿನ್ ನೋಡಿಕೊಳ್ಳುವುದು ಫಾಗ್‌ನ ಕೆಲಸವಲ್ಲ. ಅದಕ್ಕೆ ಸಾಂಬಾ ಡೊಮೇನ್ (ಎಲ್ಲರ ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಬೇರೆ ಇಟ್ಟಿದ್ದೇನೆ. ಇಮೇಜಿನಲ್ಲಿ ಫಾಗ್ ಕ್ಲೈಂಟ್ ಎಂಬ ಫಾಗ್‌ನದೇ ಚಿಕ್ಕ ಪ್ರೋಗ್ರಾಂ ಇದ್ದರೆ ಕಂಪ್ಯೂಟರ್ ತಾನೇ ಹೆಸರು ಬದಲಿಸಿಕೊಂಡು ಡೊಮೇನ್ ಸೇರುತ್ತದೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಪರೀಕ್ಷೆಯ ಹಿಂದಿನ ದಿನ ಒಂದು ಮಷಿನ್ ಕೈಕೊಟ್ಟರೂ ಈಗ ಭಯವಿಲ್ಲ.