ಹಳೇ ಜಿಐ ಪೈಪು ಪೂರ್ತಿ ಬದಲಾಯಿಸಿದೆವು: ಕೆಲಸ ಹೇಗಾಯ್ತು, ಎಷ್ಟಾಯ್ತು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 1991ರಲ್ಲಿ ಅಪ್ಪ ಕಟ್ಟಿಸಿದ ಮನೆ. ಎರಡು ಬಾತ್‌ರೂಮು, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ನೀರಿನ ಲೈನೆಲ್ಲಾ ಗೋಡೆಯೊಳಗೆ ಹೂತ ಜಿಐ ಪೈಪು, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪು. ಆಗ ಎಲ್ಲರೂ ಅದನ್ನೇ ಹಾಕಿಸುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ಅಷ್ಟನ್ನೂ ಬಿಟ್ಟು ಹೊಸ ಲೈನ್ ಹಾಕಿಸಿದೆವು. ಒಂದು ಮಳೆಗಾಲವೂ ಕಳೆದಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಅಮ್ಮನ ಬೀರುವಿನಿಂದ. ಅದರ ಹಿಂದಿನ ಗೋಡೆಯ ಆಚೆಗೆ ಬಾತ್‌ರೂಮು. ದಸರಾಕ್ಕೆ ಸೀರೆ ತೆಗೆಯಲು ಹೋದರೆ ಕೆಳಗಿನ ಖಾನೆಯಲ್ಲಿದ್ದ ಮೂರು ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿದಿತ್ತು. ಒಂದು ಅಮ್ಮನ ಧಾರೆ ಸೀರೆ. ಬೀರು ಸರಿಸಿ ನೋಡಿದರೆ ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿದೆ, ಬೆರಳಿಟ್ಟರೆ ಒಳಗಿನ ಗಾರೆ ಒದ್ದೆ ಮರಳಿನಂತೆ ಉದುರುತ್ತಿದೆ. ಮುಂಚೆಯೇ ಗೊತ್ತಾಗಬೇಕಿತ್ತು. ಬೆಳಗ್ಗೆ ಮೊದಲ ಬಕೆಟ್ ನೀರು ಕೆಂಪಗೆ ಬರುತ್ತಿತ್ತು, ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ಎರಡರಲ್ಲೂ ದಾರದಷ್ಟೇ ನೀರು. ನಾವು ಟ್ಯಾಂಕ್ ತೊಳೆಸಿ ಸುಮ್ಮನಾಗಿದ್ದೆವು.

ಅದಕ್ಕೂ ಹಿಂದಿನ ಎರಡು ವರ್ಷದಲ್ಲಿ ಒಬ್ಬ ಪ್ಲಂಬರ್ ಮೂರು ಸಲ ರಿಪೇರಿ ಮಾಡಿ ಹೋಗಿದ್ದರು. ಲೀಕ್ ಆದ ಜಾಗ ಒಡೆಯುವುದು, ಅಷ್ಟುದ್ದ ಕತ್ತರಿಸಿ ಹೊಸ ತುಂಡು ಕೂರಿಸುವುದು, ಸಿಮೆಂಟ್ ಮೆತ್ತುವುದು. ನಾಲ್ಕೈದು ತಿಂಗಳಿಗೆ ಮೊಳದಾಚೆ ಮತ್ತೆ ಲೀಕ್. ಕಾರಣ ನನಗೆ ಆಮೇಲೆ ತಿಳಿಯಿತು. ಜಿಐ ಪೈಪಿಗೆ ಮರೆ, ಅಂದರೆ ತಿರುಗಿಸಿ ಕೂರಿಸುವ ಸ್ಕ್ರೂ ಗೆರೆ, ಹಾಕಿದ ಕಡೆ ಲೋಹ ತೆಳ್ಳಗಾಗಿರುತ್ತದೆ, ಸತುವಿನ ಲೇಪವೂ ಹೋಗಿರುತ್ತದೆ, ಹಾಗಾಗಿ ತುಕ್ಕು ಮೊದಲು ತಿನ್ನುವುದೇ ಜಾಯಿಂಟನ್ನು. ಹೊಸ ತುಂಡು ಕೂರಿಸಲು ರೆಂಚ್ ತಿರುಗಿಸಿದಾಗ ಆ ಅಲುಗಾಟಕ್ಕೆ ಪಕ್ಕದ ಜಾಯಿಂಟ್ ಸಡಿಲವಾಗುತ್ತದೆ. ಮೂವತ್ತು ವರ್ಷ ದಾಟಿದ ಲೈನಿಗೆ ತೇಪೆ ಹಾಕಿಸುವುದು ದುಡ್ಡು ದಂಡ, ದಯವಿಟ್ಟು ಮಾಡಿಸಬೇಡಿ.

ಈ ಸಲ ಪಕ್ಕದ ಮನೆಯವರು ಹೇಳಿದ ಬೇರೆ ಪ್ಲಂಬರ್‌ನ ಕರೆಸಿದೆವು. ಮಂಡ್ಯ ಕಡೆಯವರು, ಜೊತೆಗೆ ಇಬ್ಬರು ಹುಡುಗರು. ಬಂದ ದಿನ ಸುತ್ತಿಗೆ ಮುಟ್ಟಲೇ ಇಲ್ಲ. ರಾತ್ರಿ ಎಲ್ಲಾ ನಲ್ಲಿ ಕಟ್ಟಿ, ಮೋಟರ್ ಹಾಕದೆ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಮಾಡಿ ಬೆಳಗ್ಗೆ ನೋಡಿ ಅಂದರು. ಬೆಳಗ್ಗೆ ನಾಲ್ಕು ಬೆರಳು ಇಳಿದಿತ್ತು. ಒಂದು ತೊಟ್ಟೂ ನಾವು ಬಳಸಿರಲಿಲ್ಲ, ಅಷ್ಟೂ ಗೋಡೆ ಕುಡಿದ ನೀರು! ಇದಕ್ಕೆ ಖರ್ಚೇನೂ ಇಲ್ಲ, ಹಳೇ ಮನೆ ಇರುವವರು ಇವತ್ತು ರಾತ್ರಿಯೇ ಮಾಡಿ ನೋಡಿ.

ಬಾತ್‌ರೂಮಿಂದ ಅವರು ಕತ್ತರಿಸಿ ತೆಗೆದ ಅರ್ಧ ಇಂಚಿನ ಪೈಪಿನ ತುಂಡು ಈಗಲೂ ನಮ್ಮ ಕಿಟಕಿ ಮೇಲಿದೆ. ಹೊರಗಿಂದ ಪರವಾಗಿಲ್ಲ ಅನ್ನಿಸುತ್ತದೆ. ಒಳಗೆ ಮಾತ್ರ ತುಕ್ಕು, ಅದರ ಮೇಲೆ ಬೋರ್‌ವೆಲ್ ನೀರಿನ ಬಿಳಿ ಪೊರೆ, ಮತ್ತೆ ತುಕ್ಕು, ಹೀಗೆ ಪದರ ಪದರವಾಗಿ ಕಟ್ಟಿಕೊಂಡು ಮಗನ ಪೆನ್ಸಿಲ್ ಕೂಡ ತೂರದಷ್ಟು ಸಣ್ಣ ತೂತು ಉಳಿದಿದೆ. ಇಷ್ಟು ವರ್ಷ ಅದರಲ್ಲಿ ಬಂದ ನೀರಲ್ಲೇ ಅಡುಗೆ ಮಾಡಿದ್ದೇವಲ್ಲಾ ಅಂತ ಹೊಟ್ಟೆ ತೊಳಸಿತು.

ಹಳೇ ಪೈಪನ್ನೆಲ್ಲಾ ಕಿತ್ತು ಹಾಕಲಿಲ್ಲ. ಮುಖ್ಯ ಲೈನನ್ನು ಟ್ಯಾಂಕಿನಿಂದ ಹೊರಗೋಡೆ ಮೇಲೆ ಇಳಿಸಿ, ಬಾತ್‌ರೂಮು, ಅಡುಗೆಮನೆ ಬಂದ ಕಡೆ ಮಾತ್ರ ಒಳಗೆ ತಂದರು. ಇದು ನನಗೆ ತುಂಬಾ ಹಿಡಿಸಿತು. ಒಡೆಯುವ ಗೋಡೆ ಕಡಿಮೆ, ಮುಂದೆ ಆ ಲೈನ್ ಎಲ್ಲಾದರೂ ಜಿನುಗಿದರೂ ಕಣ್ಣಿಗೆ ಕಾಣುತ್ತದೆ. ಹೊರಗಿನ ಪೈಪು ಬಿಸಿಲಿಗೆ ಪೆಡಸಾಗುತ್ತದೆ ಅಂತ ಮೇಲೆ ಪೇಂಟು ಹೊಡೆದರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಬ್ಬರು ಎಲ್ಲಾ ಕಡೆ ಬಿಳಿ ಪೈಪೇ ಹಾಕಿಸಿ, ದುಡ್ಡು ಉಳಿಯುತ್ತೆ ಅಂದಿದ್ದರು. ಕೇಳಬೇಡಿ. ಬಿಳಿಯದು ಯುಪಿವಿಸಿ, ತಣ್ಣೀರಿಗೆ ಸರಿ, ಗೀಸರ್ ನೀರು ಹರಿದರೆ ಮೆತ್ತಗಾಗುತ್ತದೆ. ಬಿಸಿನೀರಿಗೆ ಕೆನೆ ಬಣ್ಣದ ಸಿಪಿವಿಸಿಯೇ ಬೇಕು, ಅದು 93 ಡಿಗ್ರಿವರೆಗೆ ತಡೆಯುತ್ತದೆ. ಪೈಪಿನ ಮೇಲೆ ಐಎಸ್ 15778 ಅಂತ, ಅಂದರೆ ಸಿಪಿವಿಸಿ ಪೈಪಿನ ಭಾರತೀಯ ಮಾನಕದ ಸಂಖ್ಯೆ, ಅಚ್ಚಾಗಿದೆಯಾ ನೋಡಿ. ಅಂಟಿನ ಡಬ್ಬಿಯೂ ಸಿಪಿವಿಸಿಯದೇ ಆಗಿರಬೇಕು, ಬಿಳಿ ಪೈಪಿನ ಅಂಟಲ್ಲಿ ಇದನ್ನು ಕೂಡಿಸಬಾರದು. ನಲ್ಲಿ ಕೂರುವ ಕಡೆಯೆಲ್ಲಾ ಒಳಗೆ ಹಿತ್ತಾಳೆ ಮರೆ ಇರುವ ಫಿಟ್ಟಿಂಗೇ ಹಾಕಿಸಿ. ಬರೀ ಪ್ಲಾಸ್ಟಿಕ್ ಆದರೆ ನಲ್ಲಿ ಬಿಗಿ ಮಾಡುವಾಗಲೇ ಸೀಳುತ್ತದೆ.

ನಾನು ಈ ಪ್ಲಂಬರ್ ಹೆಸರನ್ನು ಬೇರೆಯವರಿಗೆ ಹೇಳುತ್ತಿರುವುದು ಒಂದೇ ಕಾರಣಕ್ಕೆ. ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಟೆಸ್ಟ್ ಮಾಡಿದರು. ಅಂಟು ಒಣಗಲು ಒಂದು ದಿನ ಪೂರ್ತಿ ಬಿಟ್ಟು, ಎಲ್ಲಾ ಬಾಯಿಗೂ ಪ್ಲಗ್ ಹಾಕಿ, ಕೈ ಪಂಪಿನಲ್ಲಿ 10 ಕೆಜಿವರೆಗೆ (ಒಂದು ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ) ಒತ್ತಿ ಒಂದು ಗಂಟೆ ಬಿಟ್ಟರು. ಒತ್ತಡದ ಮೀಟರಿನ ಮುಳ್ಳು ಒಂಬತ್ತಕ್ಕೆ ಇಳಿಯಿತು. ಟಾರ್ಚ್ ಹಿಡಿದು ಹುಡುಕಿದರೆ ಶವರ್ ಹಿಂದಿನ ಎಲ್ಬೋದಲ್ಲಿ ಸಾಸಿವೆ ಕಾಳಿನಷ್ಟು ಹನಿ. ಕತ್ತರಿಸಿ ಬೇರೆ ಹಾಕಿ, ಮಾರನೇ ದಿನ ಮತ್ತೆ ಟೆಸ್ಟ್ ಮಾಡಿದರು. ಮುಳ್ಳು ಅಲ್ಲಾಡಲಿಲ್ಲ. ಆ ಹನಿಯ ಮೇಲೆ ಟೈಲ್ಸ್ ಕೂತಿದ್ದರೆ ಇನ್ನೊಂದು ಬೀರು ಹಾಳಾಗೋವರೆಗೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ಕೂಡ ತೆಗೆದುಕೊಟ್ಟರು, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಬೇಜಾರಾಗಿದ್ದೂ ಇದೆ. ಆರು ದಿನ ಅಂದಿದ್ದು ಹನ್ನೊಂದು ದಿನ ಆಯಿತು. ಶಿವರಾತ್ರಿಗೆ ಊರಿಗೆ ಹೋದವರು ನಾಲ್ಕು ದಿನ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಅಷ್ಟು ದಿನ ವಯಸ್ಸಾದ ಅಮ್ಮ ಹಿತ್ತಲಿಂದ ನೀರು ಹೊತ್ತರು, ಅದನ್ನು ನೋಡಿ ನನಗೆ ಸಿಟ್ಟು ಬಂದಿತ್ತು, ಪ್ಲಂಬರ್‌ಗೆ ಹೇಳಿಯೂ ಹೇಳಿದೆ. ಇನ್ನೊಂದು, ಗಾರೆ ಮತ್ತು ಟೈಲ್ಸ್ ಕೆಲಸ ಅವರ ಲೆಕ್ಕದಲ್ಲಿ ಸೇರಿಲ್ಲ ಅಂತ ಗೊತ್ತಾಗಿದ್ದು ಗೋಡೆ ಒಡೆದ ಮೇಲೆ. ಮೊದಲೇ ಕೇಳಿ ಬರೆಸಿಕೊಳ್ಳಿ. ನಮಗೆ ಸಾಮಾನು 31,000, ಕೂಲಿ 26,000, ಗಾರೆ ಟೈಲ್ಸ್ 24,000, ಒಟ್ಟು 81,000 ರೂಪಾಯಿ ಆಯಿತು. ಹಳೇ ಟೈಲ್ಸ್ ಎಲ್ಲೂ ಸಿಗದೆ ಒಂದು ಪಟ್ಟಿ ಬೇರೆ ಬಣ್ಣದ್ದೇ ಕೂತಿದೆ.

ಗೋಡೆ ಒಣಗೋವರೆಗೆ ಪೇಂಟು ಬೇಡ ಅಂದಿದ್ದರು. ಏಪ್ರಿಲ್, ಮೇ ಬಿಸಿಲಿಗೆ ಒಣಗಿತು, ಜೂನ್‌ನಲ್ಲಿ ಬಳಿಸಿದೆವು. ಈಗ ಎರಡು ನಲ್ಲಿ ಬಿಟ್ಟರೂ ಬಕೆಟ್ ಬೇಗ ತುಂಬುತ್ತದೆ. ಬೀರು ಅದೇ ಜಾಗಕ್ಕೆ ಬಂದಿದೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟಿದ್ದೇವೆ. ಅಮ್ಮ ಆಗಾಗ ಆ ಸಂದಿಯಲ್ಲಿ ಕೈ ಹಾಕಿ ಗೋಡೆ ಸವರಿ ನೋಡುತ್ತಾರೆ. ಧಾರೆ ಸೀರೆಯನ್ನು ಎರಡು ಸಲ ಡ್ರೈ ಕ್ಲೀನಿಂಗಿಗೆ ಕೊಟ್ಟೆವು. ಸೆರಗಿನ ಕಲೆ ಪೂರ್ತಿ ಹೋಗಿಲ್ಲ.