ಶಿವಮೊಗ್ಗದ ಮನೆ, ಸೈಟ್ ಬ್ರೋಕರ್ ಸೇವೆ: ಕಮಿಷನ್ ಯಾವ ಕೆಲಸಕ್ಕೆ?

ವಿನೋಬನಗರದಲ್ಲಿ 30×40ರ ಒಂದು ಮನೆ ಮಾರಾಟಕ್ಕಿದೆ ಅನ್ನಿ. ಅದೇ ಫೋಟೊ ನಾಲ್ಕು ಬ್ರೋಕರ್‌ಗಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಾಲ್ಕು ರೇಟಿಗೆ ಇರುತ್ತದೆ. ಮಾಲೀಕರು ಯಾರಿಗೂ ಏನನ್ನೂ ಬರೆದುಕೊಟ್ಟಿರುವುದಿಲ್ಲ. "ಪಾರ್ಟಿ ಇದ್ರೆ ಕರ್ಕೊಂಡ್ ಬನ್ನಿ" ಎಂದು ಎಲ್ಲರಿಗೂ ಬಾಯಿಮಾತಲ್ಲಿ ಹೇಳಿರುತ್ತಾರೆ, ಅಷ್ಟೆ. ಹಾಗಾಗಿ ಈ ಊರಿನಲ್ಲಿ ಮನೆ ತೋರಿಸುವ ಕೆಲಸಕ್ಕೆ ಹೆಚ್ಚು ಬೆಲೆ ಕಟ್ಟಬೇಕಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಗೋಪಾಳ, ಆಲ್ಕೊಳ, ಬೊಮ್ಮನಕಟ್ಟೆ ಸುತ್ತಿಸಲು ಎಷ್ಟೋ ಜನ ಸಿಗುತ್ತಾರೆ. ಟೋಕನ್ ಕೊಟ್ಟ ದಿನದಿಂದ ನೋಂದಣಿಯ ದಿನದವರೆಗೆ ಬ್ರೋಕರ್ ಏನು ಮಾಡುತ್ತಾರೆ ಅನ್ನುವುದಕ್ಕೆ ಅಂಕ ಕೊಡಬೇಕು. ಆ ಲೆಕ್ಕದಲ್ಲಿ ಇಲ್ಲಿನ ಸೇವೆಗೆ ಐದಕ್ಕೆ ಮೂರು.

ಮೊದಲು ದುಡ್ಡಿನ ಮಾತು. ಮಾರಾಟದಲ್ಲಿ ಸಾಮಾನ್ಯವಾಗಿ ಕೊಳ್ಳುವವರಿಂದ, ಮಾರುವವರಿಂದ ತಲಾ ಶೇ 1 ಕೇಳುತ್ತಾರೆ, ಕೆಲವರು 2. ಬಾಡಿಗೆ ಮನೆಗೆ ಒಂದು ತಿಂಗಳ ಬಾಡಿಗೆ. 40 ಲಕ್ಷದ ಮನೆಗೆ ಶೇ 1 ಅಂದರೆ 40 ಸಾವಿರ. ಅದಕ್ಕಾಗಿ ಚೌಕಾಸಿ ಮಾಡುವವರು ನೋಂದಣಿ ಖರ್ಚನ್ನು ಮಾತ್ರ ಬ್ರೋಕರ್ ಬಾಯಲ್ಲಿ ಕೇಳಿ ನಂಬಿಬಿಡುತ್ತಾರೆ. ನಗರದ ಮನೆ ಅಥವಾ ಸೈಟಿಗೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಕೂಡಿದರೆ ಶೇ 7.6, ಅಂದರೆ 40 ಲಕ್ಷಕ್ಕೆ 3,04,000 ರೂಪಾಯಿ. ಪಂಚಾಯಿತಿ ವ್ಯಾಪ್ತಿಯಲ್ಲಿ ಸರ್‌ಚಾರ್ಜ್ ಶೇ 3 ಇರುವುದರಿಂದ ಇನ್ನೂ ಎರಡು ಸಾವಿರ ಹೆಚ್ಚು. "ಆರೂವರೆ ಪರ್ಸೆಂಟ್ ಹಿಡ್ಕೊಳ್ಳಿ ಸಾರ್" ಎಂದು ಈಗಲೂ ಹೇಳುವವರ ಮಾತು ಕೇಳಿ ಹಣ ಹೊಂದಿಸಿದರೆ ನೋಂದಣಿ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಕಡಿಮೆ ಬೀಳುತ್ತದೆ. ಮಾತಾಡಿದ ಬೆಲೆಗಿಂತ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಹೆಚ್ಚಿದ್ದರೆ ಶುಲ್ಕ ಮಾರ್ಗಸೂಚಿ ದರದ ಮೇಲೆ. 50 ಲಕ್ಷ ಮತ್ತು ಮೇಲ್ಪಟ್ಟ ವ್ಯವಹಾರದಲ್ಲಿ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಟೋಕನ್ ದಿನವೇ ಹೇಳುವ ಬ್ರೋಕರ್‌ಗೆ ಅರ್ಧ ಅಂಕ ಜಾಸ್ತಿ ಕೊಡಬಹುದು. ಅಡ್ವಾನ್ಸನ್ನು ನಗದಲ್ಲಿ ಕೊಡಿ ಅನ್ನುವವರಿಗೆ ಕಳೆಯಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ.

ಇನ್ನು ಕಾಗದಪತ್ರ. ಸೇವೆ ಸೋಲುವುದೂ ಗೆಲ್ಲುವುದೂ ಇಲ್ಲೇ. "ಇಸಿ ಕ್ಲಿಯರ್ ಇದೆ" ಎಂದು ಒಂದು ಪಿಡಿಎಫ್ ಕಳಿಸಿ ಸುಮ್ಮನಾಗುವವರೇ ಹೆಚ್ಚು. ಇಸಿ ಅಂದರೆ ಋಣಭಾರ ಪ್ರಮಾಣಪತ್ರ, ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ದಾಖಲೆ. ಆ ಪಿಡಿಎಫ್ ತೆರೆದು ನೋಡಿ. ನಮೂನೆ 15 ಆದರೆ ಆ ಅವಧಿಯ ವ್ಯವಹಾರಗಳ ಪಟ್ಟಿ ಇರುತ್ತದೆ, ನಮೂನೆ 16 ಆದರೆ ಯಾವ ವ್ಯವಹಾರವೂ ಸಿಗಲಿಲ್ಲ ಎಂದರ್ಥ. ಈಗಿನ ಮಾಲೀಕರು 2012ರಲ್ಲಿ ಕ್ರಯಕ್ಕೆ ತೆಗೆದುಕೊಂಡ ಮನೆಗೆ ನಮೂನೆ 16 ಬಂದರೆ ಖುಷಿಪಡುವಂಥದ್ದೇನೂ ಇಲ್ಲ. ಅವರದೇ ಕ್ರಯಪತ್ರ ಪಟ್ಟಿಯಲ್ಲಿ ಇಲ್ಲ ಅಂದಮೇಲೆ ಹುಡುಕಿದ ನಂಬರೋ ಅವಧಿಯೋ ತಪ್ಪು. ಒಂದೇ ಜಾಗಕ್ಕೆ ಹಳೆಯ ಸರ್ವೆ ನಂಬರ್, ಬಡಾವಣೆಯ ಸೈಟ್ ನಂಬರ್, ಹಳೆ ಖಾತೆ ನಂಬರ್, ಈಗಿನ ಇ-ಖಾತೆಯ ನಂಬರ್ ಹೀಗೆ ಮೂರು ನಾಲ್ಕು ಇರುತ್ತವೆ. ಒಂದೊಂದರಲ್ಲೂ ಬೇರೆ ಬೇರೆಯಾಗಿ ಹುಡುಕಿಸಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು ಮಾತ್ರ. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ ಕೈಬರಹದ ಇಸಿ ತೆಗೆಸಬೇಕು. 30 ವರ್ಷದ ಇಸಿ ಬೇಕು ಅಂದಾಗ ಮುಖ ಸಿಂಡರಿಸುವ ಬ್ರೋಕರ್‌ನ ಅಲ್ಲಿಗೇ ಬಿಡಿ.

ಪಟ್ಟಿ ಓದುವಾಗ ಬ್ಯಾಂಕಿಗೆ ಪತ್ರ ಅಡವಿಟ್ಟ ನಮೂದು ಇದೆಯೇ, ಇದ್ದರೆ ಅದರ ಕೆಳಗೆಲ್ಲಾದರೂ ಬಿಡುಗಡೆಯ ನಮೂದು ಇದೆಯೇ ನೋಡಿ. ಸಾಲ ತೀರಿಸಿದ ಚೀಟಿ ಕೈಯಲ್ಲಿದ್ದರೂ ಬಿಡುಗಡೆ ನೋಂದಣಿ ಆಗದಿದ್ದರೆ ಮುಂದಿನ ಬ್ಯಾಂಕ್ ಅಲ್ಲೇ ತಡೆಯುತ್ತದೆ. ಇಸಿಯಲ್ಲಿ ಎಂದೂ ಕಾಣದ ಸಂಗತಿಗಳೂ ಇವೆ: ನೋಂದಣಿ ಆಗದ ಅಗ್ರಿಮೆಂಟ್, ಬಾಯಿಮಾತಿನ ಪಾಲು, ನಡೆಯುತ್ತಿರುವ ದಾವೆ. ಪಿತ್ರಾರ್ಜಿತ ಮನೆಗಳಲ್ಲಿ ಹೆಚ್ಚಿನ ವ್ಯವಹಾರ ಕೆಡುವುದು ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲದೆ. ಅನುಭವಿ ಬ್ರೋಕರ್ ಅಗ್ರಿಮೆಂಟಿಗೆ ಮುಂಚೆಯೇ ವಂಶವೃಕ್ಷ ತರಿಸಿ, ಹೆಸರಿಗೆ ಹೆಸರು ತಾಳೆ ಹಾಕಿ, "ಮುಂಬೈಯಲ್ಲಿರೋ ಅಕ್ಕಂದು ಸಹಿಗೆ ಯಾವಾಗ ಬರ್ತಾರೆ?" ಎಂದು ಕೇಳುತ್ತಾರೆ. ಈ ಕೆಲಸವನ್ನು ಯಾವ ಆ್ಯಪೂ ಮಾಡಿಕೊಡುವುದಿಲ್ಲ. ಮೂರು ಅಂಕದಲ್ಲಿ ಒಂದೂವರೆ ಇದಕ್ಕೇ.

ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ಇ-ಆಸ್ತಿ ಖಾತೆ, ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಊರಂಚಿನ ಸೈಟಿಗೆ 11ಬಿ ಮಾತ್ರ ತೋರಿಸಿ "ಖಾತೆ ಆಗಿದೆ" ಅನ್ನುವವರಿದ್ದಾರೆ. 11ಬಿ ಅಂದರೆ ಕ್ರಮಬದ್ಧವಲ್ಲದ ಸ್ವತ್ತು. ನಗರದ ಬಿ ಖಾತೆಯ ಪಾಡೂ ಹೆಚ್ಚುಕಡಿಮೆ ಅದೇ: ಖಾತೆ ಇರುತ್ತದೆ, ಬ್ಯಾಂಕ್ ಸಾಲ ಕಷ್ಟ. ಬಡಾವಣೆಯಾದರೆ ಅಲಿನೇಷನ್ (ಕೃಷಿ ಜಮೀನಿನ ಭೂಪರಿವರ್ತನೆ) ಆದೇಶ, ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆ ಎರಡನ್ನೂ ಕೇಳಿ. ನಕ್ಷೆಯಲ್ಲಿ ಪಾರ್ಕ್ ಎಲ್ಲಿದೆ, ನಿಮ್ಮ ಸೈಟ್ ಎಲ್ಲಿದೆ ಎಂದು ಕಣ್ಣಾರೆ ನೋಡಿ. 500 ಚದರ ಮೀಟರ್ ಮೀರಿದ ಹೊಸ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅದರ ಸೈಟ್ ಮಾರುವ ಬ್ರೋಕರ್‌ಗೂ ಬೇಕು. ಅಂಥ ಯೋಜನೆಯಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹಳೆ ಮನೆಯ ಮರುಮಾರಾಟಕ್ಕೆ ಈ ರೇರಾ ಗೊಡವೆ ಇಲ್ಲ.

ಮಲೆನಾಡಿನ ಮನೆ ಎಂಬ ಕಾರಣಕ್ಕೇ ನೋಡಬೇಕಾದ್ದು ಬೇರೆ ಇದೆ. ಅದನ್ನು ಬ್ರೋಕರ್‌ಗಳು ತಾವಾಗಿ ತೋರಿಸುವುದು ಅಪರೂಪ. ಮಾರುವವರು ಸುಣ್ಣಬಣ್ಣ ಮಾಡಿಸುವುದು ಬೇಸಿಗೆಯಲ್ಲಿ, ಗೋಡೆ ಬಾಯಿಬಿಡುವುದು ಪುಷ್ಯ ಮಳೆಯಲ್ಲಿ. ಗಾಳಿಮಳೆ ಹೊಡೆಯುವುದು ಪಶ್ಚಿಮ, ದಕ್ಷಿಣದ ಗೋಡೆಗಳಿಗೆ. ಆ ಗೋಡೆಗಳ ಒಳಬದಿಯಲ್ಲಿ ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಹೊಸ ಬಣ್ಣ ಇದೆಯೇ, ಪುಟ್ಟಿ ಉಬ್ಬಿದೆಯೇ, ಬೆರಳಿಗೆ ಬಿಳಿ ಉಪ್ಪು ಹತ್ತುತ್ತದೆಯೇ ನೋಡಿ. ಗೋಡೆ ಕಪಾಟಿನ ಬಾಗಿಲು ತೆರೆದು ಮೂಸಿ. ಮುಗ್ಗಲು ವಾಸನೆಯನ್ನು ಬಣ್ಣ ಮುಚ್ಚುವುದಿಲ್ಲ. ಸ್ವಿಚ್ ಬೋರ್ಡಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಆ ಗೋಡೆಯೊಳಗೆ ನೀರು ಇಳಿದಿದೆ ಎಂದೇ ಎಣಿಸಿ. ಬಾಗಿಲಿನ ಚೌಕಟ್ಟಿನ ಬುಡವನ್ನು ಬೀಗದ ಕೈಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲು. ತಾರಸಿಯ ಮೇಲೆ ಶೀಟ್ ಹಾಕಿದ್ದಾರೆ ಎಂದು ಮೂಗು ಮುರಿಯಬೇಡಿ. ಈ ಊರಿನಲ್ಲಿ ಅದು ಸದ್ಗುಣ. ಆದರೆ ಸೋರುತ್ತಿತ್ತೆಂದು ಹಾಕಿದ್ದೋ, ಸೋರಬಾರದೆಂದು ಹಾಕಿದ್ದೋ ತಿಳಿಯಲು ಶೀಟಿನ ಕೆಳಗೆ ಹತ್ತಿ ಪ್ಯಾರಪೆಟ್ ಗೋಡೆಯ ಬುಡದಲ್ಲಿ ಬಿರುಕು ಹುಡುಕಿ.

ತುಂಗೆಯ ಪಕ್ಕದ ತಗ್ಗು ಪ್ರದೇಶವಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಲೇಬೇಕು. ಬ್ರೋಕರ್‌ನ ಕೇಳಬೇಡಿ, ಎದುರುಮನೆಯವರನ್ನು ಕೇಳಿ, ಗೋಡೆ ಮುಟ್ಟಿ ತೋರಿಸುತ್ತಾರೆ. ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆಯಲ್ಲಿನ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೆಂದರೆ ಯಾವ ಬೀದಿಯವರು ಸಾಮಾನು ಎತ್ತಿಡಲು ಶುರು ಮಾಡುತ್ತಾರೆ ಅನ್ನುವುದು ಊರಿಗೇ ಗೊತ್ತಿರುವ ವಿಷಯ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆ ಜೊತೆ ಜಾಗ ನೋಡುವವರಿಗೆ ಒಂದೇ ಮಾತು. "ಎರಡು ಎಕರೆ ಬೆಟ್ಟ ಫ್ರೀ" ಅಂದರೆ ಅದು ಸೊಪ್ಪಿನಬೆಟ್ಟ ಇರಬಹುದು. ತೋಟದವರಿಗೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕಷ್ಟೇ ಅಲ್ಲಿರುತ್ತದೆ, ಮಾರುವ ಹಕ್ಕಿಲ್ಲ. ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶ ಓದದೆ ಟೋಕನ್ ಬೇಡ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ.

ಬಾಡಿಗೆ ಮನೆ ಹುಡುಕಿಕೊಡುವುದರಲ್ಲಿ ಇಲ್ಲಿನ ಬ್ರೋಕರ್‌ಗಳು ಚುರುಕು, ಅದರ ಬಗ್ಗೆ ತಕರಾರಿಲ್ಲ.

ಅಳತೆ ಟೇಪು ನಿಮ್ಮದೇ ಇರಲಿ. ಪತ್ರದ ಚೆಕ್ಕುಬಂದಿಯಲ್ಲಿ 30 ಅಡಿ ಇದ್ದು ಸ್ಥಳದಲ್ಲಿ 29 ಬರುವುದು ಹೊಸದಲ್ಲ. ಪಕ್ಕದವರ ಕಾಂಪೌಂಡ್ ಅರ್ಧ ಅಡಿ ಸರಿದಿರುತ್ತದೆ. ನಾಲ್ಕೂ ಬದಿ ಅಳೆದು, ಕರ್ಣವನ್ನೂ ಅಳೆಯಿರಿ: 30×40ರ ನಾಲ್ಕೂ ಮೂಲೆ ಲಂಬಕೋನವಾಗಿದ್ದರೆ ಎರಡೂ ಕರ್ಣ ಸರಿಯಾಗಿ 50 ಅಡಿ. ಕಮಿಷನ್ನನ್ನು ಎರಡು ಕಂತು ಮಾಡಿ ಮೊದಲೇ ಮಾತಾಡಿಕೊಳ್ಳಿ. ಅರ್ಧ ನೋಂದಣಿ ದಿನ, ಉಳಿದರ್ಧ ಖಾತೆ ನಿಮ್ಮ ಹೆಸರಿಗೆ ಬದಲಾಗಿ, ಮೆಸ್ಕಾಂ ಮೀಟರಿನ ಹೆಸರೂ ಬದಲಾದ ಮೇಲೆ.